ಎಳ್ಳಿಗೆ ಮುಳ್ಳು ಬರುವ ಚಳಿ

ಮೊನ್ನೆ ಸಂಕ್ರಾಂತಿಯ ಹಿಂದಿನ ವಾರ ಧಾರವಾಡದ ನಮ್ಮ ಓಣಿಯಲ್ಲಿ ಎದುರುಮನೆಯ ಹೊಸ ಸೊಸೆ ಸಕ್ಕರೆ ಪಾಕ ಕಾಯಿಸುತ್ತಿದ್ದಳು. ಮೊದಲ ಸಲ ಮನೆಯಲ್ಲೇ ಕುಸುರೆಳ್ಳು ಮಾಡುವ ಹುರುಪು ಅವಳಿಗೆ. ಕೊಳೆ ತೆಗೆಯಲು ಪಾಕಕ್ಕೆ ಒಂದು ಚಮಚ ಹಾಲು ಹಾಕುತ್ತಾರಲ್ಲ, ಆಗ ಒಂದು ವಾಸನೆ ಏಳುತ್ತದೆ. ಅದು ರಸ್ತೆ ದಾಟಿ ನಮ್ಮ ನಡುಮನೆಗೆ ಬಂದದ್ದೇ ತಡ, ನಾನು ಎದ್ದು ಹೋಗಿ ಕಿಟಕಿ ಹಾಕಿದೆ. ಪೇಪರ್ ಓದುತ್ತಿದ್ದ ಗಂಡ ತಲೆ ಎತ್ತಿ, "ಮತ್ತ ಕುವೈತ್ ಬಂತೇನ?" ಎಂದರು. ಇಪ್ಪತ್ತು ವರ್ಷದ ಮೇಲಾಯಿತು, ನಾನು ಕಿಟಕಿ ಯಾಕೆ ಹಾಕುತ್ತೇನೆಂದು ಅವರಿಗೆ ಗೊತ್ತು.

ಹಬ್ಬದ ದಿನ ಅದೇ ಹುಡುಗಿ ರೇಷ್ಮೆ ಸೀರೆಯುಟ್ಟು ಬಂದು, "ಕುಸುರೆಳ್ಳು ತಗೊಂಡು ನಾವು ನೀವು ಕುಸುರೆಳ್ಳಿನ್ಹಾಂಗ ಇರೂಣ್ರಿ" ಎಂದು ಅಂಗೈ ತುಂಬ ಸುರಿದಳು. ಇಸಿದುಕೊಂಡೆ. ಪಾಪ, ಅವಳದೇನು ತಪ್ಪು. ಅವಳು ಗೇಟು ದಾಟಿದ ಮೇಲೆ ಹಿತ್ತಲಿಗೆ ಹೋಗಿ ಇರುವೆಗೆ ಹಾಕಿದೆ. ಸಿಹಿ ತಿಂದು ಸಿಹಿ ಮಾತಾಡಬೇಕೆನ್ನುವ ಹಬ್ಬದಲ್ಲಿ ಬಾಯಿ ಕಹಿ ಮಾಡಿಕೊಂಡು ಕೂರುವವಳು ಈ ಓಣಿಗೆ ನಾನೊಬ್ಬಳೇ.

ಕುಸುರೆಳ್ಳು ಗೊತ್ತಿಲ್ಲದವರಿಗೆ ಒಂದು ಮಾತು. ಮೈಸೂರು ಕಡೆಯವರಿಗೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೇಗೋ ನಮಗೆ ಇದು ಹಾಗೆ. ಅಗಲವಾದ ಪರಾತದಲ್ಲಿ ಎಳ್ಳು ಹರಡಿ, ಕೆಳಗೆ ಇದ್ದೂ ಇಲ್ಲದಂಥ ಉರಿ ಇಟ್ಟು, ತೆಳ್ಳನೆಯ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡುತ್ತ, ಬರಿಗೈ ಬೆರಳಿನಿಂದ ಆಡಿಸುತ್ತ ಕೂರಬೇಕು. ಒಂದು ದಿನದ ಕೆಲಸವಲ್ಲ. ಆಡಿಸುತ್ತಾ ಆಡಿಸುತ್ತಾ ಒಂದೊಂದು ಎಳ್ಳಿನ ಮೇಲೂ ಸಕ್ಕರೆ ಕಟ್ಟಿ, ಕೊನೆಗೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಆ ಮುಳ್ಳು ಏಳಬೇಕಾದರೆ ಚಳಿ ಬೇಕು. ಚಳಿ ಇಲ್ಲದಿದ್ದರೆ ಎಷ್ಟು ಕೈ ಆಡಿಸಿದರೂ ಎಳ್ಳು ಬೋಳಾಗಿಯೇ ಉಳಿಯುತ್ತದೆ.

ಕುವೈತ್ ಎಂದರೆ ಎಲ್ಲರೂ ಬಿಸಿಲು ಅನ್ನುತ್ತಾರೆ. ಡಿಸೆಂಬರಿನ ಬೆಳಗಿನ ಜಾವ ಅಲ್ಲಿ ಬಾಲ್ಕನಿಗೆ ಬಂದವರು ಹಾಗೆ ಅನ್ನಲಾರರು. ಮರಳುಗಾಡಿನಿಂದ ಬರುವ ಆ ಒಣ ಚಳಿ ಕಿವಿಯನ್ನು ಕಿತ್ತು ಕೈಗೆ ಕೊಡುತ್ತದೆ. ಕುಸುರೆಳ್ಳಿಗೆ ಹೇಳಿ ಮಾಡಿಸಿದಂಥ ಚಳಿ. ನಾನು ಹೇಳುತ್ತಿರುವುದು ಹೊಸ ಶತಮಾನ ಹುಟ್ಟಿದ ಹೊಸತರ ಒಂದು ಚಳಿಗಾಲದ ಮಾತು. ಆಗ ನಾವು ಅಬ್ಬಾಸಿಯಾದಲ್ಲಿದ್ದೆವು. ಗಂಡ ಎಣ್ಣೆ ಕಂಪನಿಯೊಂದರಲ್ಲಿ ಟೆಕ್ನೀಷಿಯನ್. ನಾನು ಅಲ್ಲೇ ಭಾರತೀಯರ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ಸಮಾಜ ಹೇಳಿಕೊಡುತ್ತಿದ್ದೆ.

ಪಕ್ಕದ ಬಿಲ್ಡಿಂಗಿನಲ್ಲಿ ಗಿರಿಜಕ್ಕನ ಮನೆ. ಬಾಗಲಕೋಟೆ ಕಡೆಯವರು, ಯಜಮಾನರು ಶುವೈಖ್‌ನ ಗ್ಯಾರೇಜಿನಲ್ಲಿ ಫೋರ್‌ಮನ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ, ಏನು ಬೇಕೆಂದರೂ ಕುವೈತಿನ ನಮ್ಮ ಕಡೆಯ ಮನೆಗಳಿಗೆಲ್ಲ ಗಿರಿಜಕ್ಕನೇ ಗತಿ. ಬರೇ ವ್ಯಾಪಾರ ಅಂತಲ್ಲ. ನನಗೆ ಹೊಟ್ಟೆಯ ಆಪರೇಷನ್ ಆದಾಗ ಹದಿನೈದು ದಿನ ಎರಡು ಹೊತ್ತಿನ ಊಟದ ಡಬ್ಬಿ ಬಂದಿತ್ತು, ಒಂದು ದಿನಾರ್ ಮುಟ್ಟಲಿಲ್ಲ. ಅಂಥ ಹೆಂಗಸು. ಕೆಟ್ಟವರು ಕೆಟ್ಟದ್ದು ಮಾಡಿದರೆ ನೆನಪಿಟ್ಟುಕೊಂಡು ಬರೆಯುವುದೇನಿದೆ. ಒಳ್ಳೆಯವರು ಮಾಡಿದ್ದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು.

ಆ ಎಲ್ಲ ರೊಟ್ಟಿ ಹೋಳಿಗೆಯ ಹಿಂದೆ ಇದ್ದವಳು ಕಾಶವ್ವ. ಬೀಳಗಿ ಹತ್ತಿರದ ಹಳ್ಳಿಯವಳು, ಗಂಡನನ್ನು ಕಳೆದುಕೊಂಡವಳು. ಊರಲ್ಲಿದ್ದಾಗ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಳು. ಒಬ್ಬ ಮುದುಕ ಅರಬನ ಮನೆಕೆಲಸದ ವೀಸಾದ ಮೇಲೆ ಗಿರಿಜಕ್ಕ ಅವಳನ್ನು ಕರೆಸಿಕೊಂಡಿದ್ದರು. ಕಾಗದದ ಮೇಲೆ ಆ ಅರಬನೇ ಅವಳ ಕಫೀಲ್, ವೀಸಾಕ್ಕೆ ಜವಾಬುದಾರನಾದ ಒಡೆಯ. ಆತ ವರ್ಷಕ್ಕೊಮ್ಮೆ ಬಂದು, ಅಲ್ಲಿರಲು ಬೇಕಾದ ಪರವಾನಗಿ ಇಕಾಮಾಕ್ಕೆ ರುಜು ಹಾಕಿ, ಎರಡು ಹೋಳಿಗೆ ತಿಂದು ಹೋಗುತ್ತಿದ್ದ. ಕಾಶವ್ವನ ಮುಖವನ್ನೂ ಸರಿಯಾಗಿ ನೋಡಿರಲಿಕ್ಕಿಲ್ಲ. ಪಾಸ್‌ಪೋರ್ಟ್ ಮಾತ್ರ ಗಿರಿಜಕ್ಕನ ಕಪಾಟಿನಲ್ಲಿ, ಇಳಕಲ್ ಸೀರೆಗಳ ಕೆಳಗೆ. "ಅಕಿ ಕಳಕೋತಾಳಂತ ಇಟ್ಟೀನವಾ" ಎನ್ನುತ್ತಿದ್ದರು. ನಾವೂ ಹೌದು ಹೌದು ಎನ್ನುತ್ತಿದ್ದೆವು. ಕಫೀಲ್‌ಗಳನ್ನು ಬೈಯುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ, ನಮ್ಮೊಳಗೂ ಒಬ್ಬ ಕಫೀಲ್ ಇರಬಹುದೆಂದು ಮಾತ್ರ ನಮಗೆ ಹೊಳೆಯುತ್ತಿರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಕುಸುರೆಳ್ಳು ಮಾಡಿಕೊಡಲು ಹೇಳಿ ಬರೋಣವೆಂದು ಗಿರಿಜಕ್ಕನ ಮನೆಗೆ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು. ಕಾಶವ್ವ ಬಾಲ್ಕನಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಕರೆಂಟಿನ ಒಲೆಯ ಮೇಲೆ ಪರಾತ ಇಟ್ಟುಕೊಂಡು ಕೂತಿದ್ದಳು. ಬೆನ್ನ ಹಿಂದೆ ಸಕ್ಕರೆಯ ಮೂಟೆ, ಮೇಲೆ ಬ್ರೆಜಿಲ್ ಎಂದು ಅಚ್ಚು. ಬೆರಳ ತುದಿಯ ಚರ್ಮವೆಲ್ಲ ಸುಲಿದು ಬೆಳ್ಳಗಾಗಿತ್ತು. ನಾನು ನೋಡಿದ್ದನ್ನು ನೋಡಿ, "ಎಳ್ಳೇನ ಸುಡೂದಿಲ್ರಿ, ಪಾಕ ಸುಡ್ತೈತಿ" ಎಂದು ನಕ್ಕಳು. ಆಮೇಲೆ ಬಚ್ಚಲಿನ ಬಾಗಿಲ ಕಡೆ ಒಂದು ಸಲ ನೋಡಿದಳು.

"ಅಕ್ಕಾರ, ನೀವರ ಒಂದ್ ಮಾತ ಹೇಳ್ರಿ. ನನ್ನ ಮಗಳು ಬಸುರಿ ಅದಾಳ್ರಿ. ಹೋಳಿ ಹುಣ್ಣಿಮಿ ಹೊತ್ತಿಗೆ ಹಡೀತಾಳಂತ. ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ರಿ. ನಾ ಇಲ್ಲಂದ್ರ ತವರಂದ್ರ ಯಾರ್ರಿ ಅಕಿಗೆ? ಬರೇ ನಾಕು ಗ್ವಾಡಿ."

"ಗಿರಿಜಕ್ಕಗ ಕೇಳಿಯೇನು?"

"ದಸರಾದಾಗ ಕೇಳೀನ್ರಿ. ದೀಪಾವಳಿ ಆಗಲಿ ಅಂದ್ರು. ದೀಪಾವಳ್ಯಾಗ ಕೇಳೀನ್ರಿ, ಕುಸುರೆಳ್ಳ ಮುಗೀಲಿ ಅಂದ್ರು. ಈಗ ಯುಗಾದಿ ಹೋಳಿಗಿ ಅಂತಾರ್ರಿ. ಎರಡು ವರ್ಸದ ಮಾತಾಗಿತ್ತರೀ, ನಾಕು ಆತು." ಮಾತಾಡುವಾಗಲೂ ಅವಳ ಬೆರಳು ನಿಲ್ಲಲಿಲ್ಲ. ನಿಂತರೆ ಎಳ್ಳು ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ನಾನು ಕುಸುರೆಳ್ಳು ಹೇಳದೆ ಶಾಲೆಗೆ ಹೋದೆ.

ಆ ತಿಂಗಳು ಎಂಟನೇ ಕ್ಲಾಸಿಗೆ ನಡೆಯುತ್ತಿದ್ದ ಪಾಠ ಯಾವುದು ಗೊತ್ತೇ? ಸಕ್ಕರೆ ಮತ್ತು ಗುಲಾಮರು. ಕಥೆ ಕಟ್ಟುತ್ತಿದ್ದೇನೆ ಅನ್ನಿಸಬಹುದು, ಆದರೆ ಪಠ್ಯಪುಸ್ತಕದಲ್ಲಿ ಏನು ಯಾವಾಗ ಬರುತ್ತದೆ ಎನ್ನುವುದು ಟೀಚರ ಕೈಯಲ್ಲಿರುವುದಿಲ್ಲ. ಪುಸ್ತಕದಲ್ಲಿ ಒಂದೇ ಪ್ಯಾರಾ ಇತ್ತು. ನಾನು ಲೈಬ್ರರಿಯಿಂದ ಹುಡುಕಿ ಹೆಚ್ಚಿಗೆ ಹೇಳುತ್ತಿದ್ದೆ. ಆಫ್ರಿಕಾದ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿ ಕಬ್ಬಿನ ತೋಟಗಳಿಗೆ ಮಾರಿದ್ದು, ಗಾಣದ ಪಕ್ಕದಲ್ಲಿ ಯಾವಾಗಲೂ ಒಂದು ಕೊಡಲಿ ಇಟ್ಟಿರುತ್ತಿದ್ದದ್ದು, ಕೈ ಗಾಣಕ್ಕೆ ಸಿಕ್ಕರೆ ಗಾಣ ನಿಲ್ಲಿಸುವ ಬದಲು ಕೈ ಕಡಿಯಲಿ ಎಂದು. ಇಂಗ್ಲೆಂಡಿನ ಹೆಂಗಸರು ಇದನ್ನು ಕೇಳಿ ಚಹಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟದ್ದು. ಕೆಲವರು ಅಷ್ಟೂ ಕಷ್ಟಪಡದೆ, ಇದು ಗುಲಾಮರು ಮಾಡಿದ ಸಕ್ಕರೆಯಲ್ಲ, ಇಂಡಿಯಾದ್ದು ಎಂದು ಸಕ್ಕರೆ ಬಟ್ಟಲಿನ ಮೇಲೆ ಬರೆಸಿಕೊಂಡು ನೆಮ್ಮದಿಯಾಗಿ ಚಹ ಕುಡಿದದ್ದು. ಇಂಡಿಯಾದಲ್ಲಿ ಆ ಸಕ್ಕರೆ ಮಾಡಿದವರು ಯಾರು, ಎಂಥ ಜೀತದಲ್ಲಿದ್ದರು ಎಂದು ಅವರು ಕೇಳಲಿಲ್ಲ.

ಮುಧೋಳ ಸೀಮೆಯಲ್ಲಿ ಹುಟ್ಟಿದ ನನಗೆ ಇದನ್ನು ಹೇಳುವಾಗ ನಮ್ಮ ಊರಿನ ಕಬ್ಬಿನ ಹಂಗಾಮು ಕಣ್ಣಿಗೆ ಕಟ್ಟುತ್ತಿತ್ತು. ಅಂದು ಮಾತ್ರ ಕಣ್ಣಿಗೆ ಕಟ್ಟಿದ್ದು ಆ ಬೆಳ್ಳಗಿನ ಬೆರಳು.

ಸ್ಟಾಫ್ ರೂಮಿನಲ್ಲಿ ಮೈಮೂನಾಗೆ ಹೇಳಿದೆ. ವಿಜ್ಞಾನದ ಟೀಚರ್, ಪುತ್ತೂರಿನ ಬ್ಯಾರಿ ಹೆಂಗಸು, ಗಂಡನದು ಅಬ್ಬಾಸಿಯಾದಲ್ಲೇ ಊರಿನ ತರಕಾರಿ, ಹೂವು ಮಾರುವ ಅಂಗಡಿ. ಸಂಕ್ರಾಂತಿ ಅವಳ ಹಬ್ಬವಲ್ಲ, ಆದರೂ ಮಕ್ಕಳಿಗೆಂದು ವರ್ಷವೂ ಗಿರಿಜಕ್ಕನ ಕುಸುರೆಳ್ಳು ಒಯ್ಯುತ್ತಿದ್ದಳು.

"ಎಂಬಸಿಗೆ ಹೇಳುದಲ್ವಾ ಮಾರಾಯ್ತಿ?"

"ಹೇಳಿದರೆ ಕಫೀಲ್ ಓಡಿಹೋದಳು ಅಂತ ಕಂಪ್ಲೇಂಟ್ ಕೊಡ್ತಾನೆ. ಆಮೇಲೆ ಜೈಲು ಯಾರಿಗೆ? ಅವಳಿಗೇ. ಅದೇ ಹೆದರಿಕೆ."

ಮೈಮೂನಾ, "ಹಾಗಾದ್ರೆ ನೀನು ಪಾಠ ಮಾಡಿದ್ದನ್ನೇ ಮಾಡುವ. ಈ ವರ್ಷ ಅವರ ಕುಸುರೆಳ್ಳು ಬೇಡ. ಪಾಸ್‌ಪೋರ್ಟ್ ಕೊಟ್ಟ ಮೇಲೆ ತಗೊಳ್ಳುವ" ಎಂದಳು.

ನನಗೆ ಅದು ಹಿಡಿಸಿತು. ಗೊತ್ತಿದ್ದ ಮನೆಗಳಿಗೆಲ್ಲ ಫೋನು ಮಾಡಿದೆ. ಆಶ್ಚರ್ಯವೆಂದರೆ ಯಾರೂ ಇಲ್ಲ ಅನ್ನಲಿಲ್ಲ. "ಹೌದಲ್ಲ, ಪಾಪ" ಅಂದರು. "ನಮಗೂ ಅನಸ್ತಿತ್ತು" ಅಂದರು. ಒಬ್ಬರಂತೂ, "ನಾ ಹುಬ್ಬಳ್ಳಿಯಿಂದ ಪಾಕೀಟ ತರಸ್ತೀನಿ ಬಿಡ್ರಿ, ಅದು ಬರೋಬ್ಬರಿ" ಅಂದರು. ಹುಬ್ಬಳ್ಳಿಯ ಪಾಕೀಟಿನ ಎಳ್ಳನ್ನು ಯಾರ ಬೆರಳು ಆಡಿಸಿತ್ತೋ, ಅದು ಬೇರೆ ಮಾತು. ಬಟ್ಟಲಿನ ಮೇಲೆ ಬರೆಸಿಕೊಂಡವರು ಇಂಗ್ಲೆಂಡಿನಲ್ಲಿ ಮಾತ್ರ ಇದ್ದಾರೆಯೇ.

ಸಂಕ್ರಾಂತಿ ಕಳೆದ ಶುಕ್ರವಾರ ನಮ್ಮ ಕಡೆಯ ಮನೆಗಳೆಲ್ಲ ಶಾಲೆಯ ಹಾಲ್‌ನಲ್ಲಿ ಸೇರುವುದು ರೂಢಿ. ಆ ವರ್ಷ ಗಿರಿಜಕ್ಕನಿಗೆ ಆರ್ಡರುಗಳೇ ಬಂದಿರಲಿಲ್ಲ. ಅವರಿಗೆ ಕಾರಣ ತಲುಪಿತ್ತು. ಆದರೂ ಬಂದರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಹಿಂದೆ ಕಾಶವ್ವ ಇನ್ನೊಂದು ಡಬ್ಬಿ ಹಿಡಿದುಕೊಂಡು. ಗಿರಿಜಕ್ಕ ಮಾರಲು ಬಂದಿರಲಿಲ್ಲ. ಹಂಚಲು ಬಂದಿದ್ದರು. ಮೊದಲ ಸಾಲಿನಿಂದ ಶುರು ಮಾಡಿ ಒಬ್ಬೊಬ್ಬರ ಮುಂದೂ ನಿಂತು, ಮುಷ್ಟಿ ತುಂಬ ತೆಗೆದು, "ಕುಸುರೆಳ್ಳು ತಗೊಂಡು ನಾವು ನೀವು ಕುಸುರೆಳ್ಳಿನ್ಹಾಂಗ ಇರೂಣು" ಎಂದರು.

ನಾನು ಇದನ್ನು ಎಣಿಸಿಯೇ ಇರಲಿಲ್ಲ. ಕೊಳ್ಳುವುದಿಲ್ಲ ಎಂದು ಪಣ ತೊಟ್ಟಿದ್ದೆವು. ಆದರೆ ಹಬ್ಬದಲ್ಲಿ ಎದುರಿಗೆ ನಿಂತು ಕೊಟ್ಟ ಎಳ್ಳನ್ನು ಒಲ್ಲೆ ಅನ್ನುವುದು ನಮ್ಮಲ್ಲಿ ಇಲ್ಲ. ಒಲ್ಲೆ ಅಂದರೆ ಜನ್ಮದ ವೈರ. ಕೋರ್ಟಿನಲ್ಲಿ ಕೇಸು ನಡೆಸುತ್ತಿರುವ ದಾಯಾದಿಗಳೂ ಆ ದಿನ ಅಂಗೈ ಒಡ್ಡುತ್ತಾರೆ. ಫೋನಿನಲ್ಲಿ "ಪಾಪ" ಎಂದವರೆಲ್ಲ ಒಬ್ಬರಾದ ಮೇಲೊಬ್ಬರು ಕೈ ಚಾಚಿದರು, ಬಾಯಿಗೆ ಹಾಕಿಕೊಂಡರು. ಒಬ್ಬರಂತೂ, "ಭಾಳ ಛಂದ ಮುಳ್ಳು ಬಂದಾವ್ರಿ ಈ ಸಲ" ಎಂದರು. ಹುಬ್ಬಳ್ಳಿ ಪಾಕೀಟಿನವರೇ.

ನನ್ನ ಮುಂದೆ ಬಂದರು. ನಾನು ಕೈ ಸೆರಗಿನೊಳಗೆ ಇಟ್ಟುಕೊಂಡೆ.

"ಅಕ್ಕಾ, ಕಾಶವ್ವನ ಪಾಸ್‌ಪೋರ್ಟ್ ಕೊಟ್ಟ ದಿನ ತಗೋತೀನಿ" ಎಂದೆ.

ಗಿರಿಜಕ್ಕನ ಮುಖ ಕೆಂಪಾಯಿತು. ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು ಅವರಿಗೆ, ಅದು ನನಗೆ ಕಾಣಿಸಿತು. "ಹಬ್ಬದಾಗ ಎಳ್ಳು ಒಲ್ಲೆ ಅಂದಿ. ಇರಲಿ. ನೀ ಹಾಸಗಿ ಹಿಡಿದಾಗ ಹದಿನೈದು ದಿನ ಯಾರ ಕೈ ಅಡಗಿ ಉಂಡಿ? ಅವಾಗ ಪಾಸ್‌ಪೋರ್ಟ್ ನೆನಪಾಗಲಿಲ್ಲೇನವಾ?" ಎಂದರು. ಅವರು ಪಕ್ಕದಲ್ಲಿ ಕೂತಿದ್ದ ಮೈಮೂನಾ ಕಡೆ ತಿರುಗಿದರು. "ನನಗೂ ಬೇಡ ಅಕ್ಕ. ಹೇಳಿದ್ರೆ ಹೇಳಿದ್ದು" ಎಂದಳು ಅವಳು. ನಮ್ಮ ಹಬ್ಬದ ಪಣವನ್ನು ಕೊನೆತನಕ ಉಳಿಸಿಕೊಂಡವಳು ಹಬ್ಬವೇ ಇಲ್ಲದವಳು. ಕಾಶವ್ವ ಡಬ್ಬಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಮಾತು ಬೀದಿಗೆ ಬಿದ್ದ ಮೇಲೆ ಹಿರಿಯರು ಸುಮ್ಮನಿರಲಾಗುತ್ತದೆಯೇ? ದೇಸಾಯಿ ಅವರು ನಮ್ಮಲ್ಲೆಲ್ಲ ಹಿರಿಯ ಎಂಜಿನಿಯರ್, ಮಾತು ತೂಗಿ ಆಡುವವರು. ಮುಂದಿನ ಶುಕ್ರವಾರ ಎಂಟು ಹತ್ತು ಮನೆಯವರನ್ನು ತಮ್ಮ ಮನೆಗೆ ಕರೆದರು. ಅವಲಕ್ಕಿ, ಚಹ ಆಯಿತು. "ನೋಡ್ರಿ, ಇದು ನಮ್ಮ ಮನಿಯೊಳಗಿನ ವಿಷಯ ಅದ. ಪೋಲೀಸು, ಎಂಬಸಿ ಎಲ್ಲಾ ಯಾಕ. ಇಬ್ಬರಿಗೂ ನ್ಯಾಯ ಆಗಬೇಕು" ಎಂದು ಶುರು ಮಾಡಿದರು. ಇಬ್ಬರಿಗೂ ಎಂದಾಗ ಅವರು ನೋಡಿದ್ದು ಗಿರಿಜಕ್ಕನನ್ನು ಮತ್ತು ನನ್ನನ್ನು. ಕಾಶವ್ವ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು.

ಗಿರಿಜಕ್ಕ ಕಣ್ಣೀರು ಹಾಕಿಕೊಂಡೇ ಮಾತಾಡಿದರು. ವೀಸಾಕ್ಕೆ ಕಫೀಲ್‌ಗೆ ಕೊಟ್ಟದ್ದು, ವರ್ಷ ವರ್ಷ ಇಕಾಮಾಕ್ಕೆ ಕಟ್ಟಿದ್ದು, ಟಿಕೆಟ್. "ನಾನೂ ಅಕಿನ್ನ ಮನಿ ಮಗಳ್ಹಾಂಗ ನೋಡೀನಿ. ಹೋಗಲಿ, ನಾ ಬ್ಯಾಡ ಅನ್ನೂದಿಲ್ಲ. ನಾ ಏನ್ ಗಾಳೀಗೆ ಹೋಗಲೇನು?" ಸುತ್ತ ಕೂತವರು ತಲೆಯಾಡಿಸಿದರು. ಅನ್ಯಾಯವೇ ಅಲ್ಲವೇ, ಕೈಯಿಂದ ಹಾಕಿದ್ದು ಹೋಗುವುದೆಂದರೆ. ದೇಸಾಯಿ ಅವರು ತೀರ್ಮಾನ ಹೇಳಿದರು. ಗಿರಿಜಕ್ಕನಿಗೆ ಆದ ಲುಕ್ಸಾನನ್ನು ಎಲ್ಲರೂ ಸೇರಿ ತುಂಬಿಕೊಡುವುದು. ಕಾಶವ್ವ ಶಿವರಾತ್ರಿಯ ತನಕ ಇದ್ದು ಕೆಲಸ ಮುಗಿಸಿಕೊಟ್ಟು ಹೋಗುವುದು. ಚಪ್ಪಾಳೆಯೊಂದು ಬಾಕಿ. ಗಿರಿಜಕ್ಕ ಕುಸುರೆಳ್ಳು ತಂದಿದ್ದ ಅದೇ ಸ್ಟೀಲ್ ಡಬ್ಬಿ, ಈಗ ಖಾಲಿ, ಕೈಯಿಂದ ಕೈಗೆ ಹೋಯಿತು. ನನ್ನ ಗಂಡನೂ ಹಾಕಿದರು. ನಾಕು ವರ್ಷ ರೊಟ್ಟಿ ಬಡಿದವಳ ಮುಂದೆ ಯಾರೂ ಆ ಡಬ್ಬಿ ಒಯ್ಯಲಿಲ್ಲ, ಅವಳಿಗೂ ಏನಾದರೂ ಬರಬೇಕೇ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ. "ಅಕಿ ಬಿಡುಗಡಿ ಆಗ್ಲಿಕ್ಕೆ ಹತ್ಯಾಳಲ್ರೀ, ಅದಕ್ಕಿಂತ ಮತ್ತೇನ್ ಬೇಕು?" ಎಂದರು ದೇಸಾಯಿ ಅವರು, ಬಹಳ ಮೃದುವಾಗಿ.

ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ. ಗಿರಿಜಕ್ಕ ಕಣ್ಣೊರೆಸಿಕೊಂಡು, "ಮುಂದಿನ ಚಳೀಗೆ ನನಗ ಕೈ ಯಾರು? ಅಕಿ ಬದಲಿ ಒಬ್ಬಾಕಿನ್ನ ಕಳಸ್ಲಿ. ಕಾಗದ ಬರಕೊಡು ಅನ್ನೂದಿಲ್ಲ ನಾ. ಭಂಡಾರ ಮುಟ್ಟಲಿ ಸಾಕು" ಎಂದರು. ಪರ್ಸಿನಿಂದ ಒಂದು ಪೊಟ್ಟಣ ತೆಗೆದರು. ಎಲ್ಲಮ್ಮನ ಅರಿಶಿನ ಭಂಡಾರ. ಮನೆಯಿಂದಲೇ ತಂದಿದ್ದರು.

ಭಂಡಾರದ ಆಣೆ ಎಂದರೇನೆಂದು ಆ ಕೋಣೆಯಲ್ಲಿ ನನ್ನಷ್ಟು ಬಲ್ಲವರು ಇನ್ನಿಬ್ಬರೇ, ಗಿರಿಜಕ್ಕ ಮತ್ತು ಕಾಶವ್ವ. ಗಿರಿಜಕ್ಕನ ತಂದೆ ಕಬ್ಬಿನ ಗ್ಯಾಂಗುಗಳಿಗೆ ಆಳು ಕೂಡಿಸಿ ದುಡಿಸುವ ಮುಕದಮರಾಗಿದ್ದವರು. ಹಂಗಾಮಿಗೆ ಮೊದಲು ಗ್ಯಾಂಗಿನ ಜನರಿಗೆ ಮುಂಗಡ ಕೊಡುವಾಗ ಮುಕದಮರು ಹೆಬ್ಬೆಟ್ಟು ಒತ್ತಿಸಿಕೊಂಡು ಸುಮ್ಮನಾಗುತ್ತಿರಲಿಲ್ಲ, ಭಂಡಾರ ಮುಟ್ಟಿಸುತ್ತಿದ್ದರು. ಹೆಬ್ಬೆಟ್ಟಿನಿಂದ ತಪ್ಪಿಸಿಕೊಂಡು ಓಡಬಹುದು, ಭಂಡಾರದಿಂದ ಓಡುವುದೆಲ್ಲಿಗೆ. ಗಂಡ ಸತ್ತರೆ ಹೆಂಡತಿ ಬರುತ್ತಿದ್ದಳು, ಹೆಂಡತಿಗೆ ಆಗದಿದ್ದರೆ ಮಗ. ಚಿಕ್ಕವಳಿದ್ದಾಗ ನಮ್ಮ ಅಂಗಳದಲ್ಲೇ ಇದನ್ನು ನೋಡಿದ್ದೇನೆ. "ಅಕ್ಕಾ, ಅದೊಂದು ಬ್ಯಾಡ" ಎಂದೆ. "ದೇವರ ಮ್ಯಾಲಿನ ನಂಬಿಗಿ ಅದು, ನಿಮ್ಮ ಇತಿಹಾಸದ ಪುಸ್ತಕ ಅಲ್ಲ" ಎಂದು ಯಾರೋ ನಕ್ಕರು. ದೇಸಾಯಿ ಅವರಿಗಂತೂ ಸಂತೋಷವೇ ಆಯಿತು. "ಕಾಗದ ಇಲ್ಲ, ಪತ್ರ ಇಲ್ಲ. ಬರೇ ಮಾತಿನ ಮ್ಯಾಲೆ. ಇದು ನೋಡ್ರಿ ನಮ್ಮ ಸಂಸ್ಕೃತಿ."

ಕಾಶವ್ವ ಎದ್ದು ಬಂದಳು. ಪೊಟ್ಟಣದ ಮೇಲೆ ಕೈ ಇಟ್ಟು, "ಮುಂದಿನ ಚಳಿ ಬೀಳೂದ್ರಾಗ ನನ್ನ ಬದಲಿ ಒಬ್ಬಾಕಿನ್ನ ಕಳಿಸಿಕೊಡ್ತೀನ್ರಿ" ಎಂದಳು. ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡಳು. ಅವಳ ಮುಖದಲ್ಲಿ ಊರಿಗೆ ಹೋಗುವ ಸಂತೋಷ ಬಿಟ್ಟರೆ ಇನ್ನೇನೂ ಇರಲಿಲ್ಲ.

ಆ ವಾರವೇ ಎಂಟನೇ ಕ್ಲಾಸಿನ ಪರೀಕ್ಷೆಯ ಪೇಪರುಗಳು ಬಂದವು. ಪ್ರಶ್ನೆ ನಾನೇ ತೆಗೆದದ್ದು, ಒಂದು ತಿಂಗಳ ಮುಂಚೆ. ಗುಲಾಮಗಿರಿಯನ್ನು ರದ್ದು ಮಾಡಿದಾಗ ಇಂಗ್ಲಿಷ್ ಸರಕಾರ ಪರಿಹಾರ ಧನ ಕೊಟ್ಟದ್ದು ಯಾರಿಗೆ? ಹೆಚ್ಚುಕಡಿಮೆ ಇಡೀ ಕ್ಲಾಸು ಬರೆದಿತ್ತು, ಗುಲಾಮರಿಗೆ. ತಪ್ಪು. ಕೊಟ್ಟದ್ದು ಒಡೆಯರಿಗೆ, ಸ್ವತ್ತು ಕೈಬಿಟ್ಟು ಹೋಗುತ್ತದಲ್ಲ ಎಂದು. ಬಿಡುಗಡೆಯಾದವರು ಕೆಲಸ ಕಲಿಯುವ ನೆಪದಲ್ಲಿ ಅದೇ ಒಡೆಯರ ತೋಟದಲ್ಲಿ ಇನ್ನೂ ಕೆಲವು ವರ್ಷ ದುಡಿದುಕೊಡಬೇಕಾಯಿತು. ಅದೂ ಮುಗಿದ ಮೇಲೆ ಕಬ್ಬು ಕಡಿಯುವ ಬದಲಿ ಕೈಗಳಿಗಾಗಿ ಹಡಗುಗಳು ಮದರಾಸಿಗೂ ಕಲಕತ್ತೆಗೂ ಬಂದವು. ಇದನ್ನೆಲ್ಲ ಪಾಠ ಮಾಡಿದ್ದೆ, ಮಕ್ಕಳು ಮರೆತಿದ್ದರು. ಹದಿಮೂರು ವರ್ಷದ ತಲೆಗೆ ಅಂಥ ಲೆಕ್ಕ ಹೊಂದುವುದಿಲ್ಲ. ಕಷ್ಟಪಟ್ಟವರಿಗಲ್ಲದೆ ಇನ್ಯಾರಿಗೆ ಕೊಡುತ್ತಾರೆ ಎಂದುಕೊಂಡಿದ್ದರು. ನಾನು ಒಂದೊಂದು ಪೇಪರಿಗೂ ಕೆಂಪು ಪೆನ್ನಿನಲ್ಲಿ ತಪ್ಪು ಹಾಕುತ್ತಾ ಹೋದೆ. ನನ್ನ ನೌಕರಿಯಲ್ಲಿ ಅಷ್ಟು ಸಂಕಟದಿಂದ ಹಾಕಿದ ತಪ್ಪು ಬೇರೆ ಇಲ್ಲ.

ಶಿವರಾತ್ರಿ ಕಳೆದು ಕಾಶವ್ವ ಹೊರಟಳು. ಏರ್‌ಪೋರ್ಟಿಗೆ ಗಿರಿಜಕ್ಕನೇ ಕರೆದೊಯ್ದರು. ಮಗಳಿಗೆ ಬಾದಾಮಿ, ಉತ್ತತ್ತಿ, ಕೂಸಿಗೆ ಮೆತ್ತನೆಯ ದುಪಟಿ, ಎಲ್ಲ ಅವರೇ ಕಟ್ಟಿಕೊಟ್ಟರು. ಪಾಸ್‌ಪೋರ್ಟನ್ನು ಕೌಂಟರಿನ ಮುಂದೆ ಕೈಗಿಟ್ಟರಂತೆ. ಹೋಳಿ ಹುಣ್ಣಿಮೆಯ ಮರುದಿನ ಊರಿನಿಂದ ಫೋನು ಬಂತು. ಹೆಣ್ಣು ಕೂಸು, ತಾಯಿ ಮಗು ಸುಖ, ಕಾಶವ್ವ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಳು. ನಾನೂ ಮೈಮೂನಾನೂ ಸ್ಟಾಫ್ ರೂಮಿನಲ್ಲಿ ಪಾಯಸ ಹಂಚಿದೆವು. ನಿಜ ಹೇಳಬೇಕೆಂದರೆ ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಭಂಡಾರದ ಮಾತು ಮರೆತೇ ಹೋಗಿತ್ತು. ಯಾರೋ ಒಬ್ಬಳನ್ನು ಕಳಿಸಿಯಾಳು, ಕಳಿಸದೆಯೂ ಇದ್ದಾಳು, ಬೀಳಗಿ ಎಲ್ಲಿ, ಕುವೈತ್ ಎಲ್ಲಿ.

ಬೇಸಿಗೆ ಬಂದು ಹೋಯಿತು. ಗಿರಿಜಕ್ಕ ಎಗೈಲಾ ಕಡೆ ದೊಡ್ಡ ಮನೆ ಹಿಡಿದು ಹೋದರು. ನಮ್ಮಿಬ್ಬರ ನಡುವೆ ಮಾತು ನಿಂತಿತ್ತು. ನವೆಂಬರಿನ ಒಂದು ಶುಕ್ರವಾರ ಮೈಮೂನಾಳ ಗಂಡನ ಅಂಗಡಿಗೆ ತರಕಾರಿಗೆ ಹೋದೆ. ಮಂಗಳೂರು ಕಡೆಯಿಂದ ವಾರಕ್ಕೊಮ್ಮೆ ವಿಮಾನದಲ್ಲಿ ಅಲ್ಲಿಗೆ ಮಲ್ಲಿಗೆ ಬರುತ್ತಿತ್ತು, ಅಂಗಡಿಯ ತುಂಬ ಅದರದೇ ಪರಿಮಳ. ಮೈಮೂನಾ ಗಲ್ಲೆಯ ಹತ್ತಿರ ಕೂತಿದ್ದಳು. ಮೂಲೆಯಲ್ಲಿ ಇಪ್ಪತ್ತು ವರ್ಷದ ಒಬ್ಬಳು ನಿಂತು ಎರಡು ದೊಡ್ಡ ದಂಡೆ ಮಲ್ಲಿಗೆ ಕಟ್ಟಿಸಿಕೊಳ್ಳುತ್ತಿದ್ದಳು. "ಗಿರಿಜಕ್ಕನ ಹೊಸ ಹೆಂಗಸು. ಹೋದ ವಾರವೂ ಬಂದಿದ್ದಳು. ಇಷ್ಟು ಹೂ ತಗೊಳ್ತಾಳೆ, ತಲೆಗೆ ಒಂದು ಎಸಳು ಇಡುದು ನಾನು ನೋಡ್ಲಿಲ್ಲ" ಎಂದಳು ಮೈಮೂನಾ ಸಣ್ಣ ದನಿಯಲ್ಲಿ.

ನಮ್ಮ ಕಡೆಯವಳೆಂದು ನೋಡಿದರೇ ತಿಳಿಯುತ್ತಿತ್ತು. ಹತ್ತಿರ ಹೋಗಿ, "ಎಷ್ಟು ಹೂ ಮುಡಿತಿ ತಂಗಿ?" ಎಂದೆ, ಸುಮ್ಮನೆ ಮಾತಿಗೆ.

"ಮುಡಿಯಾಕಲ್ರಿ." ಸೆರಗು ಸರಿಮಾಡಿಕೊಂಡಳು. ಮಲ್ಲಿಗೆಯ ನಡುವೆಯೂ ಹುಳಿ ಹಾಲಿನ ಒಂದು ವಾಸನೆ ನನಗೆ ಬಡಿಯಿತು. "ಎದಿಗೆ ಕಟ್ಟಿಕೊಳ್ಳಾಕ್ರಿ. ಹಾಲ ಬತ್ತವಲ್ದು. ಮಲ್ಲಿಗಿ ಕಟ್ಟಿದ್ರ ಬತ್ತತೈತಿ ಅಂತ ಅವ್ವ ಹೇಳ್ಯಾಳ್ರಿ."

"ಕೂಸು ಎಷ್ಟ್ ತಿಂಗಳದ್ದು?"

"ಎಂಟು ತುಂಬಿ ಒಂಬತ್ರಾಗ ಬಿದ್ದೈತ್ರಿ. ಅವ್ವನ ಕಡೆ ಬಿಟ್ಟು ಬಂದೀನಿ."

ನನಗೆ ಗೊತ್ತಾಗಿತ್ತು. ಆದರೂ ಕೇಳಿದೆ. "ನಿಮ್ಮವ್ವ ಯಾರು?"

"ಕಾಶವ್ವ ರೀ. ಇಲ್ಲೇ ಇದ್ಲಲ್ರಿ."

"ಯಾಕ ಬಂದಿ ತಂಗಿ? ಬ್ಯಾರೆ ಯಾರೂ ಇರಲಿಲ್ಲೇನು?"

"ಅವ್ವ ಊರೆಲ್ಲಾ ತಿರಗ್ಯಾಳ್ರಿ. ಯಾರೂ ಒಪ್ಪಲಿಲ್ಲ. ತಾನ ಹೊಂಟಿದ್ಲು, ಅಕಿ ಬದಲಿ ಅಂತ ಮಾತಾಗೈತಿ, ಅಕೀನ ಹೆಂಗ್ ಹೋಗಾಕ ಬರತೈತಿ ಅಂದ್ರು ಊರಾಗಿನ ಮಂದಿ. ಭಂಡಾರ ಮುಟ್ಟ್ಯಾಳಲ್ರಿ. ಆಣಿ ತಪ್ಪಿದ್ರ ಕೂಸಿಗೆ ಹತ್ತತೈತಿ ಅಂದ್ರು ಎಲ್ಲಾರೂ." ಅವಳ ದನಿಯಲ್ಲಿ ದೂರು ಇರಲಿಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಗಲ್ಲೆಯ ಹತ್ತಿರ ಮೈಮೂನಾ ಹೂವಿನ ದುಡ್ಡು ಬೇಡವೆಂದು ಕೈಸನ್ನೆ ಮಾಡುತ್ತಿದ್ದಳು, ಹುಡುಗಿ ಅದನ್ನು ನೋಡಲಿಲ್ಲ. ಹೊರಗೆ ಕಾರಿನ ಹಾರ್ನ್ ಆಯಿತು. ಗಿರಿಜಕ್ಕನ ಯಜಮಾನರದಿರಬೇಕು.

ಅವಳು ಹೂವಿನ ಚೀಲ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಅಕ್ಕಾರ, ಈ ಊರಾಗ ಚಳಿ ಯಾವಾಗ ಬೀಳ್ತೈತ್ರಿ? ಪಾಕ ಬಿಡೂದು ಅವ್ವ ಎಲ್ಲಾ ಕಲಿಸ್ಯಾಳ. ಚಳಿ ಬಿದ್ರಷ್ಟ ಎಳ್ಳಿಗೆ ಮುಳ್ಳು ಬರತಾವಂತ."

"ಇನ್ನೊಂದು ವಾರದಾಗ ಬೀಳ್ತೈತಿ" ಎಂದೆ.